ನೇವರಿಸುವ ಕೈಗೊಂದು ನರ

ಎಳೆಗೂಸಿಗೆ ನೀರೆರೆಯುವ ಕಾರ್ಯವು ಉಮರಗಾ, ನಿಲಂಗಾ, ಉದಗೀರ ಸೀಮೆಯ ಮನೆಗಳಲ್ಲಿ ಇಂದಿಗೂ ಒಂದು ಸಣ್ಣ ವಿಧಿಯಂತೆಯೇ ನಡೆಯುತ್ತದೆ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತ ಅಜ್ಜಿ ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ, ಅವುಗಳ ನಡುವಣ ತಗ್ಗನ್ನೇ ತೊಟ್ಟಿಲಾಗಿಸಿಕೊಂಡು ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಪಕ್ಕದ ಬಟ್ಟಲಲ್ಲಿ ಬೆಚ್ಚಗಾದ ಎಣ್ಣೆ; ಮನೆಯ ರೂಢಿಗೆ ತಕ್ಕಂತೆ ಕೊಬ್ಬರಿಯದೋ ಕುಸುಬಿಯದೋ. ಎದೆಯಿಂದ ತೋಳಿಗೆ, ತೊಡೆಯಿಂದ ಹಿಮ್ಮಡಿಗೆ ಅವಳ ಅಂಗೈ ಅವಸರವಿಲ್ಲದೆ ಇಳಿಯುತ್ತದೆ. ನೀರೆರೆದು, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ, ಕೊನೆಗೆ ಎರಡೂ ಕೈಗಳಿಂದ ಕೂಸಿನ ಮೋರೆಯನ್ನು ನೀವಿ ತನ್ನ ಕಣತಲೆಗೆ ಒತ್ತಿಕೊಂಡು ಲಟಿಕೆ ಮುರಿಯುತ್ತಾಳೆ. ಅಷ್ಟು ಹೊತ್ತಿಗೆ ಅತ್ತು ದಣಿದ ಕೂಸು ನಿದ್ದೆಗೆ ಜಾರಿರುತ್ತದೆ.

ಆ ನಿದ್ದೆಯಲ್ಲಿ ಬಿಸಿನೀರಿನ ಪಾಲೂ ಇದೆ, ಅಳುವಿನ ದಣಿವಿನ ಪಾಲೂ ಇದೆ. ಆದರೆ ಅಜ್ಜಿಯ ಅಂಗೈಯ ಆ ನಿಧಾನಗತಿಯನ್ನೇ ಗುರುತಿಸಿ ಮಿದುಳಿಗೆ ಒಯ್ಯುವ ಬೇರೆಯೇ ಒಂದು ಜಾತಿಯ ನರತಂತು ಮನುಷ್ಯನ ಚರ್ಮದಲ್ಲಿದೆಯೆಂಬುದು ವಿಜ್ಞಾನಕ್ಕೆ ತಿಳಿದು ಇನ್ನೂ ನಾಲ್ಕು ದಶಕಗಳಾಗಿಲ್ಲ.

ಶಾಲೆಯ ಪಾಠಪುಸ್ತಕಗಳಲ್ಲಿ ಸ್ಪರ್ಶವೆಂದರೆ ಒಂದೇ ಇಂದ್ರಿಯ. ಉರುಟೋ ನುಣುಪೋ, ಬಿಸಿಯೋ ತಣ್ಣಗೋ ಎಂದು ತಿಳಿಸುವುದು ಚರ್ಮದ ಕೆಲಸವೆಂದು ಮಕ್ಕಳು ಬರೆಯುತ್ತಾರೆ. ಬರೆದದ್ದು ತಪ್ಪಲ್ಲ, ಆದರೆ ಅರ್ಧ. ಕತ್ತಲಲ್ಲಿ ಜೇಬಿಗೆ ಕೈಹಾಕಿ ಇದು ಒಂದು ರೂಪಾಯಿಯ ನಾಣ್ಯ, ಇದು ಐದರದ್ದು ಎಂದು ಗುರುತಿಸುವ ಸ್ಪರ್ಶವೊಂದು. ಅದನ್ನು ಒಯ್ಯುವ ತಂತುಗಳು ದಪ್ಪ. ಅವುಗಳ ಮೇಲೆ ವಿದ್ಯುತ್ ತಂತಿಯ ಹೊದಿಕೆಯಂತೆ ಮಯಲಿನ್ ಎಂಬ ಕೊಬ್ಬಿನ ಪದರವಿರುತ್ತದೆ. ಆದ್ದರಿಂದ ಸಂದೇಶವು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ. ಇನ್ನೊಂದು ಬಗೆಯ ತಂತುಗಳು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗಿನವು, ಹೊದಿಕೆಯಿಲ್ಲದವು. ಅವುಗಳಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ಮಾತ್ರ ಸಾಗುತ್ತದೆ. ಮನುಷ್ಯನು ನಡೆಯುವ ವೇಗಕ್ಕೂ ಅದು ಸಮನಲ್ಲ. ಬಹುಕಾಲ ಈ ತೆಳು ತಂತುಗಳೆಲ್ಲ ನೋವು, ತುರಿಕೆ, ಶಾಖ ಇಂಥವುಗಳನ್ನೇ ಒಯ್ಯುತ್ತವೆಂದು ವೈದ್ಯಶಾಸ್ತ್ರ ನಂಬಿತ್ತು.

ಸ್ವೀಡನ್ನಿನ ಇಂಗ್ವೆ ಜೊಟರ್‌ಮನ್ 1939ರಲ್ಲಿಯೇ ಬೆಕ್ಕಿನ ಚರ್ಮದಲ್ಲಿ, ಮೃದುವಾಗಿ ಸವರಿದಾಗ ಎಚ್ಚರಗೊಳ್ಳುವ ತೆಳು ತಂತುಗಳನ್ನು ಕಂಡಿದ್ದರು. ಮನುಷ್ಯರಲ್ಲಿ ಇಂಥವು ಇಲ್ಲವೆಂದೂ, ವಿಕಾಸದ ಹಾದಿಯಲ್ಲಿ ಕಳೆದುಹೋಗಿರಬೇಕೆಂದೂ ಭಾವಿಸಲಾಗಿತ್ತು. ಎಚ್ಚರವಿರುವ ಮನುಷ್ಯನ ನರಕ್ಕೆ ಅತಿಸೂಕ್ಷ್ಮ ಸೂಜಿಯನ್ನು ತೂರಿಸಿ, ಒಂದೊಂದೇ ತಂತುವಿನ ಮಿಡಿತವನ್ನು ಆಲಿಸುವ ಮೈಕ್ರೋನ್ಯೂರೋಗ್ರಫಿ ಎಂಬ ವಿಧಾನವು ಅದೇ ದೇಶದಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. ಆ ಸೂಜಿಯ ನೆರವಿನಿಂದ 1988 ಮತ್ತು 1990ರಲ್ಲಿ ಮುಖದ ಚರ್ಮದಲ್ಲಿ, 1993ರಲ್ಲಿ ಮುಂಗೈಯಲ್ಲಿ ಈ ತಂತುಗಳು ಸಿಕ್ಕವು. ಇಂದು ಅವುಗಳಿಗೆ ಸಿ-ಟ್ಯಾಕ್ಟೈಲ್ ತಂತುಗಳೆಂದು ಹೆಸರು. ರೋಮವಿರುವ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು, ತೊಡೆ, ಹಣೆಗಳಲ್ಲಿ ಇವು ಇವೆ. ಅಂಗೈಯಲ್ಲಿ ಅತಿ ವಿರಳ. ಮುಟ್ಟುವ ಕೈಗೆ ಒಂದು ಬಗೆಯ ನರ, ಮುಟ್ಟಿಸಿಕೊಳ್ಳುವ ಮೈಗೆ ಇನ್ನೊಂದು ಬಗೆಯ ನರ ಎಂಬ ಈ ಏರ್ಪಾಡು ವಿಚಿತ್ರವೆನಿಸುತ್ತದೆ.

ಈ ತಂತುಗಳಿಗೆ ತಮ್ಮದೇ ಆದ ಅಭಿರುಚಿಯುಂಟು. ಮೃದುವಾದ ಕುಂಚವನ್ನು ಬೇರೆ ಬೇರೆ ವೇಗಗಳಲ್ಲಿ ಮುಂಗೈಯ ಮೇಲೆ ಎಳೆದು ನೋಡಿದ 2009ರ ಪ್ರಯೋಗದಲ್ಲಿ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗಕ್ಕೆ ಅವು ಅತಿ ಹೆಚ್ಚು ಮಿಡಿದವು. ಅದಕ್ಕಿಂತ ನಿಧಾನವಾದರೂ ಅವುಗಳಿಗೆ ಒಗ್ಗದು, ಬಿರುಸಾದರೂ ಒಗ್ಗದು. ಅದೇ ವೇಳೆಗೆ ಪ್ರಯೋಗಕ್ಕೆ ಒಳಗಾದವರು, ಎಷ್ಟು ಹಿತವಾಯಿತೆಂಬ ಪ್ರಶ್ನೆಗೆ ಕೊಟ್ಟ ಅಂಕಗಳೂ ಅದೇ ವೇಗಗಳಲ್ಲಿ ಏರಿದ್ದವು. 2014ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು: ಸವರುವ ವಸ್ತುವು ತಣ್ಣಗಿದ್ದರೂ ಬಿಸಿಯಿದ್ದರೂ ಮಿಡಿತ ಕುಗ್ಗುತ್ತದೆ, ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮನುಷ್ಯನ ಚರ್ಮದ ಸಹಜ ಉಷ್ಣತೆಯಲ್ಲಿ, ಅದು ತುಂಬಿ ಬರುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಐದಾರು ಸೆಕೆಂಡುಗಳಲ್ಲಿ ಇಳಿಯುವ ಬೆಚ್ಚನೆಯ ಕೈಗಾಗಿಯೇ ಈ ತಂತು ಕಾದು ಕುಳಿತಂತಿದೆ. ತಂದೆತಾಯಿಗಳಿಗೆ ವೇಗದ ಮಾತನ್ನೇ ಹೇಳದೆ ತಮ್ಮ ಕೂಸನ್ನು ಸವರಲು ಬಿಟ್ಟಾಗ ಅವರ ಕೈ ತಾನಾಗಿ ಈ ಮಿತಿಯೊಳಗೇ ಚಲಿಸಿತು. ಪ್ಲಾಸ್ಟಿಕ್ ತೋಳೊಂದನ್ನು ಸವರಲು ಹೇಳಿದಾಗ ಅದೇ ಕೈ ಅವಸರಪಟ್ಟಿತು.

ತೆಳು ತಂತು ಒಯ್ಯುವ ಸಂದೇಶ ಮಿದುಳಿನಲ್ಲಿ ಎಲ್ಲಿಗೆ ತಲುಪುತ್ತದೆ? ಇದಕ್ಕೆ ಉತ್ತರ ದೊರೆತದ್ದು ಒಬ್ಬ ಮಹಿಳೆಯ ದುರದೃಷ್ಟದಿಂದ. ವೈದ್ಯಸಾಹಿತ್ಯದಲ್ಲಿ ಜಿ.ಎಲ್. ಎಂಬ ಸಂಕೇತಾಕ್ಷರಗಳಿಂದ ಗುರುತಿಸಲಾಗುವ ಆಕೆಗೆ ನಡುಹರೆಯದಲ್ಲಿ ಬಂದ ರೋಗವೊಂದು ಮೂಗಿನಿಂದ ಕೆಳಗಿನ ದೇಹದ ದಪ್ಪ ತಂತುಗಳನ್ನೆಲ್ಲ ನಾಶಮಾಡಿತ್ತು. ಕಣ್ಣಿಟ್ಟು ನೋಡದ ಹೊರತು ತನ್ನ ಕೈ ಎಲ್ಲಿದೆಯೆಂಬುದೂ ಆಕೆಗೆ ತಿಳಿಯದು. ಆದರೂ ಮುಂಗೈಯನ್ನು ಕುಂಚದಿಂದ ನಿಧಾನವಾಗಿ ಸವರಿದಾಗ ಏನೋ ಹಿತವಾದದ್ದು ಮಸುಕಾಗಿ ಸುಳಿಯಿತೆಂದು ಹೇಳಿದಳು. ಹೋಕನ್ ಊಲೌಸನ್ ಮತ್ತು ಸಂಗಡಿಗರು 2002ರಲ್ಲಿ ಆಕೆಯ ಮಿದುಳಿನ ಚಿತ್ರ ತೆಗೆದಾಗ, ಸ್ಪರ್ಶದ ಲೆಕ್ಕವಿಡುವ ಭಾಗ ಸುಮ್ಮನಿತ್ತು; ಒಳಗೆ ಮಡಿಕೆಯಲ್ಲಿ ಹುದುಗಿರುವ ಇನ್ಸುಲಾ ಎಂಬ ಭಾಗ ಬೆಳಗಿತು. ಹಸಿವು, ಎದೆಬಡಿತ, ಸಂಕಟ, ನೆಮ್ಮದಿಗಳಂಥ ಒಳಗಿನ ಸ್ಥಿತಿಗತಿಗಳ ಅರಿವಿಗೂ ಆ ಭಾಗಕ್ಕೂ ನಂಟಿದೆ. ಯಾರು ಮುಟ್ಟಿದರು, ಎಲ್ಲಿ ಮುಟ್ಟಿದರು ಎಂಬುದಕ್ಕಿಂತ, ಮುಟ್ಟಿದ್ದರಿಂದ ಒಳಗೆ ಏನಾಯಿತು ಎಂಬುದೇ ಅಲ್ಲಿನ ವ್ಯವಹಾರವೆನ್ನಬಹುದು.

ಇದನ್ನು ಕೇಳಿ, ಹಿತಸ್ಪರ್ಶದ ರಹಸ್ಯವೆಲ್ಲ ಬಯಲಾಯಿತೆಂದು ಹಿಗ್ಗುವಂತಿಲ್ಲ. ತಾಳಲಾರದ ಕ್ಯಾನ್ಸರ್ ನೋವಿಗಾಗಿ ಬೆನ್ನುಹುರಿಯ ಒಂದು ಪಥವನ್ನು ಶಸ್ತ್ರಚಿಕಿತ್ಸೆಯಿಂದ ಕಡಿಸಿಕೊಂಡ ರೋಗಿಗಳನ್ನು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ 2019ರ ಅಧ್ಯಯನವೊಂದು, ಅವರಲ್ಲಿ ನೋವು, ತುರಿಕೆ, ಬಿಸಿತಂಪುಗಳ ಅರಿವು ಅಳಿದರೂ ನೇವರಿಕೆಯ ಹಿತ ಕುಂದಿರಲಿಲ್ಲವೆಂದು ತೋರಿಸಿತು. ತೆಳು ತಂತುಗಳ ಸಂದೇಶವೂ ಆ ಪಥದಲ್ಲಿಯೇ ಸಾಗುತ್ತದೆಂದು ಅದುವರೆಗೆ ಎಣಿಸಲಾಗಿತ್ತು. ದಪ್ಪ ತಂತುಗಳೂ ನೆನಪೂ ಸನ್ನಿವೇಶವೂ ಕೂಡಿಯೇ ಹಿತವಾಗುತ್ತದೆ ಎಂಬುದು ಈಗಿನ ವಿವೇಕದ ನಿಲುವು.

ವಿಜ್ಞಾನ ಇಷ್ಟು ತಡವಾಗಿ ಬೇರ್ಪಡಿಸಿ ನೋಡಿದ್ದನ್ನು ಕನ್ನಡ ಭಾಷೆ ಎಂದೋ ಬೇರ್ಪಡಿಸಿಟ್ಟಿದೆ. ಮುಟ್ಟು, ತಾಗು, ಸೋಕು, ತಟ್ಟು, ಒತ್ತು, ಅಪ್ಪು, ತಡವು, ಸವರು, ನೀವು, ನೇವರಿಸು, ಮೈದಡವು: ಒಂದೊಂದಕ್ಕೂ ಕೈಯ ಒಂದೊಂದು ಭಂಗಿ, ಒಂದೊಂದು ವೇಗ. ಬಾಗಿಲನ್ನು ತಟ್ಟಬಹುದು, ಕೂಸನ್ನೂ ತಟ್ಟಿ ಮಲಗಿಸಬಹುದು. ಬಾಗಿಲನ್ನು ನೇವರಿಸಿದರೆ ನೋಡಿದವರು ನಕ್ಕಾರು. ನೇವರಿಸುವುದಕ್ಕೆ ಎದುರಿಗೊಂದು ಜೀವ ಬೇಕು. ಗಡಿಯ ಮಕ್ಕಳು ಶಾಲೆಯಲ್ಲಿ ಕನ್ನಡ ಓದಿ ಸಂತೆಯಲ್ಲಿ ಮರಾಠಿ ಆಡುವವರಾದ್ದರಿಂದ ಅವರಿಗೆ ಕುರವಾಳಣೆ ಎಂಬ ಮಾತೂ ಗೊತ್ತು. ಅದೂ ಇದೇ ಕೈಯ, ಇದೇ ಗತಿಯ ಮಾತು. ಪಾಠದಲ್ಲಿ ಈ ಕ್ರಿಯಾಪದಗಳು ಬಂದಾಗ ಅವೆಲ್ಲ ಒಂದೇ ಅರ್ಥದವೆಂದು ಬರೆಸಿ ಮುಂದೆ ಸಾಗುವುದು ನಷ್ಟವೇ ಸರಿ.

ಅದೇ ಭಾಷೆಯಲ್ಲಿ ಕಹಿಯೂ ಉಳಿದಿದೆ. ಸೋಕು ಎಂಬುದು ಇಂದು ರೋಗದ ಹೆಸರಾಗಿ, ಮುಟ್ಟು ಎಂಬುದು ಹೆಣ್ಣನ್ನು ಹೊರಗೆ ಕೂಡಿಸುವ ಮಾತಾಗಿಯೂ ನಿಂತಿದೆ. ಒಂದು ಜನಸಮುದಾಯವನ್ನೇ ಮುಟ್ಟಬಾರದವರೆಂದು ಕರೆದ ನೆಲವಿದು. ಉಮರಗಾದಿಂದ ಹೆದ್ದಾರಿ ಹಿಡಿದು ಗಡಿ ದಾಟಿದರೆ ಹತ್ತಿರದಲ್ಲೇ ಇರುವ ಬಸವಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಈ ಗೋಡೆಗೆ ಕೈಹಾಕಿದರು. ಶರಣರ ಷಟ್‌ಸ್ಥಲ ಚಿಂತನೆಯಲ್ಲಿ ತ್ವಕ್ಕು, ಅಂದರೆ ಚರ್ಮವೆಂಬ ಇಂದ್ರಿಯವು ಜಂಗಮಲಿಂಗದ ನೆಲೆಯೆನಿಸಿದೆ. ದೀಕ್ಷೆಯಲ್ಲಿ ಗುರುವು ತನ್ನ ಹಸ್ತವನ್ನು ಶಿಷ್ಯನ ಮಸ್ತಕದ ಮೇಲಿಡುತ್ತಾನೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಏಳು ದಶಕಗಳು ಕಳೆದಿವೆ. ತಂತುವಿಗೆ ಜಾತಿ ತಿಳಿಯದು. ಜಾತಿಯನ್ನು ಕಲಿಸುವುದು ಮನೆ.

ಮನುಷ್ಯನ ಮುಂಗೈಯಲ್ಲಿ ಈ ತಂತುಗಳಿರುವ ಸುದ್ದಿ ಅಚ್ಚಾದ 1993ನೆಯ ವರ್ಷವನ್ನು ಈ ಸೀಮೆಯವರು ಬೇರೆಯೇ ಕಾರಣಕ್ಕೆ ಮರೆಯಲಾರರು. ಆ ವರ್ಷದ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಕಿಲ್ಲಾರಿಯ ಭೂಮಿ ನಡುಗಿತು. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದವು. ಔಸಾ ಮತ್ತು ಉಮರಗಾ ತಾಲ್ಲೂಕುಗಳ ಹಳ್ಳಿಗಳು ನೆಲಸಮವಾಗಿ ಸುಮಾರು 10,000 ಜನ ಮಡಿದರು. ಆಗ ಉಮರಗಾ ತಾಲ್ಲೂಕಿನಲ್ಲಿದ್ದು ಈಗ ಲೋಹಾರಾಕ್ಕೆ ಸೇರಿರುವ ಸಾಸ್ತೂರಿನಲ್ಲಿ ಭೂಕಂಪದ ತರುವಾಯ ತಲೆಯೆತ್ತಿದ ಗ್ರಾಮೀಣ ಆಸ್ಪತ್ರೆಗೆ ‘ಸ್ಪರ್ಶ’ ಎಂದು ಹೆಸರು. ಹೆಸರಿಟ್ಟವರಿಗೆ ಸ್ವೀಡನ್ನಿನ ಸೂಜಿಯ ಸುದ್ದಿ ತಿಳಿದಿರಬೇಕಾಗಿರಲಿಲ್ಲ. ಭೂಕಂಪಪೀಡಿತ ಮನೆಗಳ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯು ಪುಣೆಗೆ ಕರೆದೊಯ್ದು ಓದಿಸಿತು. ಊಟ, ಬಟ್ಟೆ, ಶಾಲೆ ಇವುಗಳಿಗೆ ಲೆಕ್ಕವಿಡಬಹುದು. ರಾತ್ರಿ ಬೆಚ್ಚಿ ಎದ್ದ ಕೂಸಿನ ಬೆನ್ನ ಮೇಲೆ ಆಡುತ್ತಿದ್ದ ಕೈಯೊಂದು ಇಲ್ಲವಾದದ್ದಕ್ಕೆ ಯಾವ ಲೆಕ್ಕವೂ ಇಲ್ಲ.

ಲೆಕ್ಕವಿಡಲು ಯತ್ನಿಸಿದವರೂ ಇದ್ದಾರೆ. ರುಮೇನಿಯಾದ ಅನಾಥಾಲಯಗಳಲ್ಲಿ ಬೆಳೆಯುತ್ತಿದ್ದ 136 ಎಳೆಮಕ್ಕಳನ್ನು ಆ ಶತಮಾನದ ತಿರುವಿನಲ್ಲಿ ಆರಂಭವಾದ ಬುಕಾರೆಸ್ಟ್ ಅಧ್ಯಯನವು ದೀರ್ಘಕಾಲ ಗಮನಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಗಿತ್ತು. ಎರಡು ವರ್ಷ ತುಂಬುವುದರೊಳಗೆ ಮನೆ ಸೇರಿದ ಮಕ್ಕಳು ಬುದ್ಧಿಯಲ್ಲಿಯೂ ಬಾಂಧವ್ಯದಲ್ಲಿಯೂ ಹೆಚ್ಚು ಚೇತರಿಸಿಕೊಂಡರು. ಅಲ್ಲಿ ಕೊರತೆಯಾಗಿದ್ದದ್ದು ಸ್ಪರ್ಶವೊಂದೇ ಅಲ್ಲ; ಮಾತು, ನೋಟ, ಒಬ್ಬರೇ ಆದ ಪಾಲಕರು ಎಲ್ಲವೂ. ಜೀವಂತ ಮನೆಯಲ್ಲಿ ಇವನ್ನು ಬಿಡಿಸಿ ತೂಗಲು ಬಾರದು.

ಸ್ಪರ್ಶದ ತೂಕವನ್ನು ಅಕ್ಷರಶಃ ತಕ್ಕಡಿಯಲ್ಲಿಟ್ಟು ನೋಡಿದ್ದು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯದಲ್ಲಿ. ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಕೂಸುಗಳಿಗೆ ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷದಂತೆ 10 ದಿನ ಮೈ ನೀವಲಾಯಿತು. ಆಹಾರ ಅಷ್ಟೇ ಇದ್ದರೂ ಅವುಗಳ ತೂಕ ಉಳಿದವುಗಳಿಗಿಂತ ದಿನವೊಂದಕ್ಕೆ ಶೇಕಡ 47ರಷ್ಟು ಹೆಚ್ಚಾಗಿ ಏರಿತು. ಆರು ದಿನ ಮುಂಚಿತವಾಗಿ ಅವು ಮನೆಗೆ ಹೋದವು. ಅಂಥ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಯಾರೂ ಮುಟ್ಟದಿರುವುದೇ ಕ್ಷೇಮವೆಂಬ ಭಾವನೆಗೆ ಅದು ಪೆಟ್ಟು ಕೊಟ್ಟಿತು.

ಅದಕ್ಕೂ ಮೊದಲೇ, 1978ರಲ್ಲಿ, ಕೊಲಂಬಿಯಾದ ಬೊಗೊಟಾ ನಗರದ ವೈದ್ಯ ಎಡ್ಗರ್ ರೇ ಪೆಟ್ಟಿಗೆಗಳ ಕೊರತೆಯಿಂದ ಬೇಸತ್ತು, ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟುವ ಕ್ರಮವನ್ನು ಹಿಡಿದಿದ್ದರು. ಇಂದು ಕಾಂಗರೂ ಆರೈಕೆಯೆಂದು ಹೆಸರಾದದ್ದು ಅದೇ. ಬಡತನದ ಉಪಾಯವೆಂದು ಜಗತ್ತು ಅದನ್ನು ಬಹುಕಾಲ ಕಡೆಗಣಿಸಿತು. ಭಾರತ ಹಾಗೂ ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕಿಲೋದಿಂದ 1.8 ಕಿಲೋದೊಳಗಿನ 3,211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆ ಆ ಮಾತನ್ನು ಮುಗಿಸಿತು. ಹುಟ್ಟಿದೊಡನೆಯೇ ಎದೆಗಪ್ಪಿಕೊಂಡ ಗುಂಪಿನಲ್ಲಿ 28 ದಿನಗಳೊಳಗೆ ತೀರಿಕೊಂಡವು ನೂರಕ್ಕೆ 12; ಸ್ಥಿರವಾದ ಮೇಲಷ್ಟೇ ಅಪ್ಪಿಕೊಂಡ ಗುಂಪಿನಲ್ಲಿ ನೂರಕ್ಕೆ 15.7. ಅಂತರ ಸ್ಪಷ್ಟವಾದ ಕಾರಣ ಪರೀಕ್ಷೆಯನ್ನು ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ದಿನಕ್ಕೆ 8ರಿಂದ 24 ಗಂಟೆಗಳವರೆಗೆ, ಸಾಧ್ಯವಾದಷ್ಟು ಹೊತ್ತು, ಚರ್ಮಕ್ಕೆ ಚರ್ಮ ತಾಗಿಸಿ ಹಿಡಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಇಲ್ಲಿ ಕಾಪಾಡುವುದು ನೇವರಿಕೆಯ ನರವೊಂದೇ ಅಲ್ಲ. ತಾಯಿಯ ಮೈಬಿಸಿ, ಎದೆಹಾಲು, ಸೋಂಕಿನಿಂದ ರಕ್ಷಣೆ ಎಲ್ಲವೂ ಸೇರಿವೆ.

ದೂರದ ಈ ಸುದ್ದಿ ಕನ್ನಡ ನೆಲಕ್ಕೆ ಹೊರತಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದೊಡಗೂಡಿ, ಆಸ್ಪತ್ರೆಯಿಂದ ಮನೆಯವರೆಗೆ ಕಾಂಗರೂ ಆರೈಕೆಯನ್ನು ರೂಢಿಗೆ ತರುವ ಬಗೆಯನ್ನು ಅಭ್ಯಸಿಸಿದರು. ಕೊಪ್ಪಳವೂ, ನಿಲಂಗಾ ಉದಗೀರಗಳೂ ಒಂದು ಕಾಲಕ್ಕೆ ಒಂದೇ ಹೈದರಾಬಾದ್ ಸಂಸ್ಥಾನದವು. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಬಾಣಂತನದ ರೀತಿ, ತೊಟ್ಟಿಲ ಹಾಡು, ಎಣ್ಣೆಯ ಬಟ್ಟಲು ಬಹುಮಟ್ಟಿಗೆ ಒಂದೇ. ತಾಯಿ ಬಸವಳಿದಾಗ ಕೂಸನ್ನು ತಂದೆಯಾಗಲಿ ಅಜ್ಜಿಯಾಗಲಿ ಎದೆಗೆ ಕಟ್ಟಿಕೊಳ್ಳಬಹುದೆಂಬುದು ಈ ಮನೆಗಳಿಗೂ ತಲುಪಬೇಕಾದ ಮಾತು. ಗಂಡಸು ಕೂಸನ್ನು ಬರಿಯ ಎದೆಗೆ ಕಟ್ಟಿಕೊಂಡು ಕೂಡುವುದಕ್ಕೆ ನಾಚುವ ಸೀಮೆಯಿದು. ಆ ನಾಚಿಕೆಯನ್ನು ಮುರಿಯುವ ಭಾರ ಸದ್ಯಕ್ಕೆ ಆಶಾ ಕಾರ್ಯಕರ್ತೆಯರ ಹೆಗಲಿಗೆ ಬಿದ್ದಿದೆ.

ಎಣ್ಣೆಯ ವಿಷಯದಲ್ಲಿ ಗಡಿಸೀಮೆಗೆ ಹೆಮ್ಮೆಪಡಲು ಒಂದು ಕಾರಣವಿದೆ. ಮರಾಠವಾಡಾದ ಕರಿನೆಲದ ಹಿಂಗಾರಿ ಬೆಳೆಯಾದ ಕುಸುಬಿಯ ಎಣ್ಣೆಯನ್ನೂ ಕೊಬ್ಬರಿ ಎಣ್ಣೆಯನ್ನೂ ನವಜಾತ ಶಿಶುಗಳ ಮೈಗೆ ತಿಕ್ಕಿ ನೋಡಿದ ಪುಣೆಯ ಕೆ.ಇ.ಎಂ. ಆಸ್ಪತ್ರೆಯ 2005ರ ಅಧ್ಯಯನವು, ಎಣ್ಣೆಯ ಅಂಶ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆಂದೂ, ಕುಸುಬಿ ಹಚ್ಚಿದ ಕೂಸುಗಳ ರಕ್ತದಲ್ಲಿ ದೇಹಕ್ಕೆ ಅತ್ಯಗತ್ಯವಾದ ಕೊಬ್ಬಿನಾಮ್ಲಗಳು ಏರಿದವೆಂದೂ ತೋರಿಸಿತು. ಆದರೆ ಅಜ್ಜಿಯರು ಮಾಡುವುದೆಲ್ಲವೂ ಸರಿಯೆಂದು ಇದರಿಂದ ಸಾಧಿಸಲು ಬಾರದು. ಕಿವಿಮೂಗುಗಳಿಗೆ ಎಣ್ಣೆ ಬಿಡುವುದು, ಗಂಡುಕೂಸಾಗಲಿ ಹೆಣ್ಣುಕೂಸಾಗಲಿ ಮೊಲೆ ಹಿಂಡುವುದು, ಕಾಲು ಹಿಡಿದು ತಲೆಕೆಳಗಾಗಿಸುವುದು, ಕೂಸು ಚೀರುವಂತೆ ಕೀಲು ತಿರುಗಿಸುವುದು ಅಪಾಯಕಾರಿಯೆಂದು ಮಕ್ಕಳ ವೈದ್ಯರು ಮತ್ತೆ ಮತ್ತೆ ಹೇಳುತ್ತಾರೆ. ಬಿರುಸಾದ ಕೈ ಕೂಸನ್ನು ಗಟ್ಟಿಮಾಡುತ್ತದೆಂಬ ನಂಬಿಕೆಗೆ ಆ ತೆಳುತಂತುವಿನ ಸಮ್ಮತಿಯಿಲ್ಲ. ತೂಕ ಕಡಿಮೆಯಿರುವ ಕೂಸಾದರೆ ವೈದ್ಯರನ್ನು ಕೇಳಿಯೇ ಎಣ್ಣೆ ಹಚ್ಚುವುದು ಲೇಸು.

ಹದವರಿತ ನೇವರಿಕೆಯಿಂದ ಒದಗುವ ಒಂದು ಉಪಯೋಗವಂತೂ ಪ್ರತಿಯೊಂದು ಮನೆಗೂ ಸಲ್ಲುವಂಥದು. ರಕ್ತಪರೀಕ್ಷೆಗಾಗಿ ಕೂಸಿನ ಹಿಮ್ಮಡಿ ಚುಚ್ಚುವ ಮುನ್ನ ಸೆಕೆಂಡಿಗೆ 3 ಸೆಂಟಿಮೀಟರ್ ವೇಗದಲ್ಲಿ ಮೃದುವಾಗಿ ಸವರಿದರೆ, ನೋವಿಗೆ ಮಿದುಳು ತೋರುವ ಪ್ರತಿಕ್ರಿಯೆ ತಗ್ಗುತ್ತದೆಂದು ಆಕ್ಸ್‌ಫರ್ಡಿನ ಸಂಶೋಧಕರು 2018ರಲ್ಲಿ ಕಂಡರು. ಅಂಗನವಾಡಿಯಲ್ಲಿ ಲಸಿಕೆಯ ದಿನ ಸಾಲಿನಲ್ಲಿ ನಿಂತ ತಾಯಂದಿರು ಇದನ್ನು ಕಾಸಿನ ಖರ್ಚಿಲ್ಲದೆ ಮಾಡಬಹುದು.

ಕೂಸು ಶಾಲೆಗೆ ಹೋಗುವಷ್ಟು ಬೆಳೆದ ಮೇಲೆ ಮನೆಯ ಕೈಗಳು ಹಿಂದೆ ಸರಿಯುತ್ತವೆ. ಗಂಡುಮಕ್ಕಳ ವಿಷಯದಲ್ಲಿ ಬೇಗನೆ ಸರಿಯುತ್ತವೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿ ಪರವೂರಿಗೆ ಹೋದಾಗ ಅಜ್ಜಅಜ್ಜಿಯರ ಬಳಿಯೋ ಹಂಗಾಮಿ ವಸತಿಗೃಹದಲ್ಲೋ ಉಳಿಯುವ ಮರಾಠವಾಡಾದ ಮಕ್ಕಳ ಪಾಲಿಗೆ ಆ ಆರು ತಿಂಗಳು ಫೋನಿನಲ್ಲಿ ದನಿ ಮಾತ್ರ ಬರುತ್ತದೆ. ಅಂಥ ಮಗು ಶಾಲೆಯಲ್ಲಿ ಗುರುಗಳ ಕೈಯನ್ನೇ ಹೆಚ್ಚಾಗಿ ಕಾಣುತ್ತದೆ. ಆ ಕೈ ಹೊಡೆಯುವ ಕೈಯಾಗಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ವಿಧಿಸಿದೆ. ಅದು ಮಗುವಿಗೆ ಬೇಡವಾದ ರೀತಿಯಲ್ಲಿ ಮುಟ್ಟುವ ಕೈಯೂ ಆಗಕೂಡದೆಂದು 2012ರ ಪೋಕ್ಸೊ ಕಾಯ್ದೆ ಎಚ್ಚರಿಸುತ್ತದೆ. ಅದೇ ವೇಗ, ಅದೇ ಬಿಸಿ ಇದ್ದರೂ ಮುಟ್ಟಿದವರು ಯಾರೆಂಬ ಅರಿವಿನೊಡನೆ ಮಿದುಳಿನ ಪ್ರತಿಕ್ರಿಯೆ ಬದಲಾಗುತ್ತದೆಂಬುದಕ್ಕೆ ಪ್ರಯೋಗಗಳ ಸಾಕ್ಷ್ಯವಿದೆ. ಸಂಬಂಧಿಕರು ಬಂದಾಗ ಒಲ್ಲೆನೆಂದು ಹಿಂಜರಿಯುವ ಮಗುವನ್ನು ಮುದ್ದಿಸಿಕೊಳ್ಳೆಂದು ಮುಂದೆ ತಳ್ಳುವ ಮನೆಗಳು ಇದನ್ನು ನೆನೆಯಬೇಕು. ಬೆನ್ನು ತಟ್ಟಿ ಶಹಬ್ಬಾಸ್ ಎನ್ನುವುದಕ್ಕೂ ಕೈಕಟ್ಟಿಕೊಂಡು ದೂರ ನಿಲ್ಲುವುದಕ್ಕೂ ನಡುವೆ ಗುರುಗಳು ಇಂದು ಅಳುಕುತ್ತ ದಾರಿ ಹುಡುಕುತ್ತಿದ್ದಾರೆ. ಅವರ ಅಳುಕು ಕಾರಣವಿಲ್ಲದ್ದಲ್ಲ.

ಇಷ್ಟೆಲ್ಲದರ ನಡುವೆ ಬಚ್ಚಲಿನಲ್ಲಿ ಕಾಲು ಚಾಚಿ ಕುಳಿತಿದ್ದ ಅಜ್ಜಿ ಮರೆತುಹೋಗುತ್ತಾಳೆ. ಮನೆಯ ಮೂರು ತಲೆಮಾರುಗಳನ್ನು ನೇವರಿಸಿದ ಅವಳನ್ನು ಈಗ ಮುಟ್ಟುವವರು ಕಡಿಮೆ. ಹಬ್ಬದ ದಿನ ಕಾಲಿಗೆರಗುವಾಗ ಬೆರಳ ತುದಿ ತಾಗಿದರೆ ತಾಗಿತು. ಹದಿಮೂರರಿಂದ ಎಂಬತ್ತೆರಡು ವರ್ಷದವರೆಗಿನ ಜನರನ್ನು ಸೇರಿಸಿ ಸ್ವೀಡನ್ನಿನಲ್ಲಿ ನಡೆದ 2016ರ ಅಧ್ಯಯನದಲ್ಲಿ, ವಯಸ್ಸೇರಿದಂತೆ ಸ್ಪರ್ಶದ ತೀಕ್ಷ್ಣತೆ ಕುಂದಿದರೂ ನೇವರಿಕೆಯ ಹಿತ ಕುಂದುವುದಿಲ್ಲ, ಏರುತ್ತದೆ ಎಂದು ಕಂಡುಬಂತು. ನಾಣ್ಯಗಳನ್ನು ತಡವಿ ಗುರುತಿಸಲಾರದ ಬೆರಳುಗಳ ಮುದುಕಿಗೆ, ಶಾಲೆಯಿಂದ ಬಂದ ಮೊಮ್ಮಗಳು ಅದೇ ಬಟ್ಟಲಿನ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಮೊಣಕಾಲಿಗೆ ಹಚ್ಚಿ, ಅಲ್ಲಿಂದ ಹಿಮ್ಮಡಿಯವರೆಗೆ ಅವಸರವಿಲ್ಲದೆ ನೀವಿದರೆ, ಆ ಸುದ್ದಿ ಮಿದುಳನ್ನು ಮುಟ್ಟಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ.